ರೋಮಿನಿಂದ ಮ್ಯೂನಿಕ್‌ಗೆ, ಪಾಸ್‌ಪೋರ್ಟಿನ ಕಾವಲಿನಲ್ಲಿ

ಬಿನ್ ಒಮ್ರಾನ್

ಆ ಶುಕ್ರವಾರ ಮಧ್ಯಾಹ್ನ ದೋಹಾದ ಬಿನ್ ಒಮ್ರಾನಿನಲ್ಲಿರುವ ಅಕ್ಕನ ಮನೆಯಲ್ಲಿ ಊಟ ಮುಗಿಸಿ ನಾವು ನಾಲ್ವರು ಕೂತಿದ್ದೆವು. ಅಕ್ಕ ಜಯಂತಿ, ಅವಳ ಗಂಡ ವಿಠಲ ಭಾವ, ನಮ್ಮ ಯಜಮಾನರು, ಮತ್ತು ನಾನು. ಏಸಿಯ ನೇರ ಎದುರಿನ ಸೋಫಾ ಭಾವನದ್ದು. ಏಸಿ ರಿಪೇರಿಯನ್ನೇ ಕಸುಬು ಮಾಡಿಕೊಂಡವರಾದ್ದರಿಂದ ಆ ಹಕ್ಕನ್ನು ಯಾರೂ ಪ್ರಶ್ನಿಸುವುದಿಲ್ಲ. ಅಕ್ಕ ಮೊಬೈಲನ್ನು ಒಬ್ಬೊಬ್ಬರ ಮೂಗಿನ ಹತ್ತಿರ ಹಿಡಿದು ವಿಡಿಯೋ ತೋರಿಸುತ್ತಿದ್ದಳು. ಯಾವಳೋ ಒಬ್ಬಳು ಯುರೋಪಿನ ರಾತ್ರಿ ರೈಲಿನಲ್ಲಿ ಬಿಳಿ ಹಾಸಿಗೆಯ ಮೇಲೆ ಕಾಲು ಚಾಚಿ, ಕಿಟಕಿಯಾಚೆ ಹಿಮದ ಬೆಟ್ಟ ನೋಡುತ್ತ ಕಾಫಿ ಕುಡಿಯುತ್ತಿದ್ದಳು. ಇಟಲಿಯಲ್ಲಿ ಮಲಗುವುದು, ಜರ್ಮನಿಯಲ್ಲಿ ಏಳುವುದು.

ದೋಹಾದಲ್ಲಿ ಇರುವವರಿಗೆ ರೈಲಿನಲ್ಲಿ ಮಲಗುವುದು ಎಂದರೆ ಒಂದು ಪುರಾಣದ ಮಾತು. ಇಲ್ಲಿ ಮೆಟ್ರೋ ಹತ್ತಿ ಸೀಟು ಬಿಸಿಯಾಗುವ ಮೊದಲೇ ಇಳಿಯುವ ಜಾಗ ಬಂದಿರುತ್ತದೆ. ಅಕ್ಕ ಈ ದೇಶಕ್ಕೆ ಬಂದು ಅಷ್ಟು ವರ್ಷವಾದರೂ ಯಾರ ಹತ್ತಿರವೂ ಏನೂ ಬೇಕೆಂದು ಕೇಳಿದವಳಲ್ಲ. ಆದ್ದರಿಂದ ಆ ರೈಲು ಹತ್ತಬೇಕು ಎಂದು ಕೇಳಿದ ಈ ಒಂದನ್ನು ಇಲ್ಲ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ನಮ್ಮ ಯಜಮಾನರು ಮಾತ್ರ ರಜೆ ಸಿಗುವುದಿಲ್ಲ ಎಂದು ಆಗಲೇ ಹೇಳಿದರು. ಕೇಳುವ ಮೊದಲೇ ಸಿಗದ ರಜೆಯನ್ನು ನಾನು ನೋಡಿದ್ದು ಅದೇ ಮೊದಲು.

ಭಾವ ಒಂದೇ ಷರತ್ತು ಹಾಕಿದರು. ಮನೆಯಲ್ಲಿ ನಾವು ಮಾತಾಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ನನ್ನ ಪಾಸ್‌ಪೋರ್ಟು ನನ್ನ ಮೈಮೇಲೇ ಇರ್ಬೇಕು. ಅದೊಂದು ಆದ್ರೆ ನೀವು ಹೇಳಿದಲ್ಲಿಗೆ ಬರ್ತೇನೆ."

ಇದರ ಹಿಂದಿನ ಕಥೆ ನಮ್ಮ ಬಳಗದಲ್ಲಿ ಎಲ್ಲರಿಗೂ ಬಾಯಿಪಾಠ. ಭಾವ ಮೊದಲು ಬಂದಾಗ ಕೆಲಸಕ್ಕಿದ್ದ ಕಂಪನಿಯಲ್ಲಿ ಎಲ್ಲರ ಪಾಸ್‌ಪೋರ್ಟೂ ಕಂಪನಿಯ ತಿಜೋರಿಯಲ್ಲಿ ಇರುತ್ತಿತ್ತು. ಊರಿನಲ್ಲಿ ಅಪ್ಪ ತೀರಿಕೊಂಡ ಸುದ್ದಿ ಬಂದ ದಿನ ಈದ್ ರಜೆ. ಕಂಪನಿಯ ಸರಕಾರಿ ಕಾಗದಪತ್ರ ನೋಡಿಕೊಳ್ಳುವ ಮಂದೂಬ್ ತಿಜೋರಿಯ ಕೀಲಿಯನ್ನು ಜೇಬಿನಲ್ಲಿ ಹಾಕಿಕೊಂಡು ತನ್ನ ಊರಿಗೆ ಹೋಗಿದ್ದ. ಹನ್ನೊಂದು ದಿನ. ಪಾಸ್‌ಪೋರ್ಟು ಕೈಗೆ ಬಂದು, ಟಿಕೆಟ್ ಆಗಿ, ಭಾವ ಮನೆ ಮುಟ್ಟುವಾಗ ಉತ್ತರಕ್ರಿಯೆಯ ಬೊಜ್ಜವೂ ಮುಗಿದು ಚಪ್ಪರ ಬಿಚ್ಚುತ್ತಿದ್ದರಂತೆ. ಅಂದಿನಿಂದ ಅವರು ಪಾಸ್‌ಪೋರ್ಟನ್ನು ಯಾರ ಕೈಯಲ್ಲೂ ಬಿಟ್ಟವರಲ್ಲ. ಅಕ್ಕ ಹೊಲಿದುಕೊಟ್ಟ ಬಟ್ಟೆಯ ಚೀಲದಲ್ಲಿ, ಬನಿಯನ್ನಿನ ಒಳಗೆ, ಎದೆಗೆ ಒತ್ತಿಕೊಂಡು ಅದು ಇರುತ್ತದೆ. ವಿಮಾನ ನಿಲ್ದಾಣದ ಒಂದೊಂದು ಕೌಂಟರಿನಲ್ಲೂ ಭಾವ ಅಂಗಿಯ ಮೂರು ಗುಂಡಿ ಬಿಚ್ಚುವುದನ್ನು, ಹಿಂದಿನವರು ಎರಡು ಹೆಜ್ಜೆ ಹಿಂದೆ ಸರಿಯುವುದನ್ನು ನೋಡಿ ನೋಡಿ ನಮಗೆ ಅಭ್ಯಾಸವಾಗಿದೆ.

ನಾನು ಅದನ್ನು ಹೇಳಿ ನಗಾಡುವವಳೇ. ಆ ದಿನವೂ ನಗಾಡಿದೆ.

ರೋಮ್, ಪ್ಲಾಟ್‌ಫಾರ್ಮ್

ರೋಮಿನ ಮೂರು ದಿನಗಳ ಬಗ್ಗೆ ಬರೆಯುವುದಿಲ್ಲ. ಅಲ್ಲಿನ ಹಳೆಯ ಗೋಡೆಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಗೋಡೆಗಳು ಹಾಗೇ ಇವೆ. ರೈಲಿಗೆ ಬರುತ್ತೇನೆ.

ಯುರೋಪಿನ ರಾತ್ರಿ ರೈಲು ಹತ್ತುವವರು ಮೊದಲು ತಿಳಿಯಬೇಕಾದದ್ದು, ಅದು ಒಂದು ರೈಲಲ್ಲ ಎಂಬುದು. ನಡುರಾತ್ರಿ ಎಲ್ಲೋ ಒಂದು ಕಡೆ ನಿಂತು ಅದು ಅಣ್ಣತಮ್ಮಂದಿರ ಹಾಗೆ ಪಾಲಾಗುತ್ತದೆ. ಮುಂದಿನ ಬೋಗಿಗಳು ಒಂದು ದೇಶಕ್ಕೆ, ಹಿಂದಿನವು ಇನ್ನೊಂದಕ್ಕೆ. ನೀರು ಕುಡಿಯಲು ಎದ್ದು ತಪ್ಪು ಬೋಗಿಗೆ ನಡೆದರೆ ಬೆಳಿಗ್ಗೆ ನೀವು ವಿಯೆನ್ನಾದಲ್ಲಿ, ನಿಮ್ಮ ಹೆಂಡತಿ ಮ್ಯೂನಿಕ್‌ನಲ್ಲಿ. ಇದನ್ನು ಟಿಕೆಟ್ಟಿನ ಹಿಂದೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಎರಡನೆಯದು, ಬೋಗಿಯ ನಂಬ್ರ. ನಮ್ಮದು ಇಪ್ಪತ್ತನಾಲ್ಕರ ನಂತರ ಬರಬೇಕು ಎಂದು ನಾವು ಪ್ಲಾಟ್‌ಫಾರ್ಮಿನ ಈ ತುದಿಗೆ ಓಡಿದೆವು. ಅದು ಇಪ್ಪತ್ತೊಂದರ ಮೊದಲು ಬಂದು ಆ ತುದಿಯಲ್ಲಿ ನಿಂತಿತು. ನಮ್ಮೂರಿನಲ್ಲಾದರೆ ಈ ಹೊತ್ತಿಗೆ ನಾಲ್ಕು ಜನ ಕೈ ತೋರಿಸಿ ನಾಲ್ಕು ದಿಕ್ಕಿಗೆ ಕಳಿಸುತ್ತಿದ್ದರು, ಆದರೂ ಕಳಿಸಿದ ಒಂದು ಸಂತೋಷವಿರುತ್ತಿತ್ತು. ಇಲ್ಲಿ ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಮೂರು ಪೆಟ್ಟಿಗೆ, ಒಂದು ಬುತ್ತಿಚೀಲ ಹಿಡಿದು ಓಡುವ ಮೂವರನ್ನು ಇಡೀ ಪ್ಲಾಟ್‌ಫಾರ್ಮು ಬಹಳ ಗೌರವದಿಂದ ನೋಡಿತು.

ರೋಮ್ ಬಿಟ್ಟ ಮೇಲೆ

ನಾಲ್ಕು ಬರ್ತಿನ ಕೋಣೆ. ಕೋಣೆ ಎನ್ನುವುದು ದೊಡ್ಡ ಮಾತು. ನಮ್ಮ ಮನೆಯ ಕಪಾಟು ಇದಕ್ಕಿಂತ ಸ್ವಲ್ಪ ಉದಾರವಾಗಿದೆ. ವಿಡಿಯೋದ ಹುಡುಗಿ ಕಾಲು ಚಾಚಿದ್ದು ಹೇಗೆ ಎಂದು ಅಕ್ಕ ಗಟ್ಟಿಯಾಗಿಯೇ ಕೇಳಿದಳು. ಅವಳು ಗಿಡ್ಡ ಇರಬೇಕು ಎಂದರು ಭಾವ. ಕೆಳಗಿನ ಒಂದು ಬರ್ತು ಅಕ್ಕನಿಗೆ, ಮೇಲಿನ ಎರಡು ನನಗೂ ಭಾವನಿಗೂ. ಕೆಳಗಿನ ಇನ್ನೊಂದರಲ್ಲಿ ಎತ್ತರದ ಒಬ್ಬ ಜರ್ಮನ್ ಹೆಂಗಸು ನಮಗಿಂತ ಮೊದಲೇ ಬಂದು ಹಾಸಿಗೆ ಹಾಸಿ, ಮನೆಯಿಂದ ತಂದ ತಲೆದಿಂಬು ಇಟ್ಟು, ಪುಸ್ತಕ ಓದುತ್ತಿದ್ದರು. ಹೆಸರು ಹೆಲ್ಗಾ ಎಂದರು. ತಾನು ಒಂಬತ್ತು ಗಂಟೆಗೆ ಮಲಗುವವಳು ಎಂದೂ ಹೇಳಿದರು. ಅಲ್ಲಿಗೆ ಪರಿಚಯ ಮುಗಿಯಿತು. ನಮ್ಮ ಕಡೆಯ ರೈಲಿನಲ್ಲಾದರೆ ಅಷ್ಟು ಹೊತ್ತಿಗೆ ಅವರ ಮಕ್ಕಳೆಷ್ಟು, ಸೊಸೆ ಹೇಗೆ, ಮಂಡಿನೋವಿಗೆ ಯಾವ ಎಣ್ಣೆ ಎನ್ನುವವರೆಗೆ ಬಂದಿರುತ್ತಿದ್ದೆವು.

ಎಂಟೂವರೆಗೆ ಅಕ್ಕ ಬುತ್ತಿ ಬಿಚ್ಚಿದಳು. ಚಪಾತಿ, ಮತ್ತು ದೋಹಾದಿಂದ ಜೋಪಾನವಾಗಿ ತಂದ ಒಣ ಸಿಗಡಿಯ ಚಟ್ನಿಯ ಬಾಟಲಿ. ತಿಳಿದವರಿಗೆ ವಿವರಿಸಬೇಕಾಗಿಲ್ಲ. ಆ ಬಾಟಲಿಯ ಮುಚ್ಚಳ ತೆಗೆಯುವುದು ಅಂಗಳವಿರುವ ಮನೆಯಲ್ಲೇ ಒಂದು ಘಟನೆ. ಇಲ್ಲಿ ಕಿಟಕಿ ತೆರೆಯುವ ಹಾಗಿಲ್ಲ. ಅಕ್ಕ ಮರ್ಯಾದೆಗೆ ಒಂದು ಚಪಾತಿ ಸುರುಳಿ ಮಾಡಿ ಹೆಲ್ಗಾ ಅವರಿಗೆ ನೀಡಿದಳು. ಅವರು ಬಹಳ ನಯವಾಗಿ ಬೇಡವೆಂದು, ಎದ್ದು, ಗೋಡೆಯ ಮೇಲಿನ ಗಾಳಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಕೂತರು. ಚಟ್ನಿಯ ಪರಿಮಳ ಹತ್ತು ನಿಮಿಷದಲ್ಲಿ ಹೋಯಿತು. ಆ ಚಳಿ ಮ್ಯೂನಿಕ್‌ವರೆಗೆ ನಮ್ಮ ಜೊತೆ ಬಂತು. ಏಸಿ ಮೆಕ್ಯಾನಿಕ್ ಮೇಲಿನ ಬರ್ತಿನಲ್ಲಿ ಕೂತು ಗುಂಡಿಯನ್ನೇ ನೋಡುತ್ತಿದ್ದರು, ಇಳಿದು ತಿರುಗಿಸುವ ಧೈರ್ಯ ಮಾಡಲಿಲ್ಲ.

ಆಮೇಲೆ ಬೋಗಿಯ ಅಟೆಂಡೆಂಟ್ ಬಂದ. ಐವತ್ತರ ಆಸುಪಾಸು, ದಪ್ಪ ಮೀಸೆ, ಎದೆಯ ಪಟ್ಟಿಯಲ್ಲಿ ಮಿರೋ ಎಂದು ಹೆಸರು. ಮೊದಲು ಬೆಳಗಿನ ತಿಂಡಿಯ ಚೀಟಿ ಕೊಟ್ಟ. ಪಟ್ಟಿಯಲ್ಲಿ ಆರಕ್ಕೆ ಮಾತ್ರ ಗುರುತು ಹಾಕಬೇಕು. ಬೆಣ್ಣೆಗೊಂದು, ಬ್ರೆಡ್ಡಿಗೊಂದು, ಜಾಮಿಗೊಂದು. ಬೆಣ್ಣೆಯನ್ನೂ ಬ್ರೆಡ್ಡನ್ನೂ ಬೇರೆಬೇರೆ ಎಣಿಸುವ ಜನ ಇವರು. ಚೀಟಿ ಕೊಟ್ಟ ಮೇಲೆ ಕೈ ಚಾಚಿ, "ಟಿಕೆಟ್, ಪಾಸ್‌ಪೋರ್ಟ್. ಬೆಳಿಗ್ಗೆ ಗಡಿಯಲ್ಲಿ ಪೊಲೀಸರು ಬರುತ್ತಾರೆ, ನನ್ನ ಹತ್ತಿರ ಇದ್ದರೆ ನಿಮ್ಮನ್ನು ಎಬ್ಬಿಸಬೇಕಾಗುವುದಿಲ್ಲ," ಎಂದ.

ಹೆಲ್ಗಾ ಪುಸ್ತಕದಿಂದ ಕಣ್ಣೆತ್ತದೆ ಕೊಟ್ಟರು. ಅಕ್ಕ ಕೊಟ್ಟಳು. ನಾನು ಲೋಕ ತಿಳಿದವಳ ಹಾಗೆ, ಎರಡು ಬೆರಳಿನಲ್ಲಿ ಹಿಡಿದು ಕೊಟ್ಟೆ. ಉಳಿದದ್ದು ಭಾವ.

ಗಾಬರಿಯಾದಾಗ ಭಾವನ ಇಂಗ್ಲಿಷ್, ಹಿಂದಿ, ತುಳು ಮೂರೂ ಒಟ್ಟಿಗೆ ರಜೆ ಹಾಕುತ್ತವೆ. ಕೆಲಸದಲ್ಲಿ ಕಲಿತ ಅರಬಿ ಮಾತ್ರ ಉಳಿಯುತ್ತದೆ. "ಪಾಸ್‌ಪೋರ್ಟ್ ಮಾಫಿ," ಎಂದರು.

ದೋಹಾದಲ್ಲಿ ಅಂಗಡಿಯವನಿಂದ ಆಫೀಸಿನವನವರೆಗೆ ಎಲ್ಲರೂ ಇಲ್ಲ ಎನ್ನುವುದಕ್ಕೆ ಮಾಫಿ ಎನ್ನುತ್ತಾರೆ. ಕೊಡುವುದಿಲ್ಲ ಎನ್ನುವುದು ಭಾವನ ಉದ್ದೇಶ. ಮಿರೋ, "ಮಾಫಿಯಾ?" ಎಂದ.

ಅರ್ಥವಾಯಿತಲ್ಲ ಎಂದು ಭಾವನಿಗೆ ಸಮಾಧಾನವಾಯಿತು. "ಯೆಸ್, ಯೆಸ್. ಮಾಫಿ," ಎಂದು ತಲೆಯಾಡಿಸಿ, ಎದೆಯ ಮೇಲೆ, ಅಂದರೆ ಒಳಗಿನ ಚೀಲದ ಮೇಲೆ, ಎರಡು ಸಲ ತಟ್ಟಿ ತೋರಿಸಿದರು.

ಇಟಲಿಯ ರೈಲಿನಲ್ಲಿ, ಅಂಗಿಯೊಳಗೆ ಏನೋ ಉಬ್ಬಿಕೊಂಡಿರುವ ಮನುಷ್ಯನೊಬ್ಬ ಮೇಲಿನ ಬರ್ತಿನಿಂದ ಹೀಗೆ ಹೇಳಿದರೆ ಏನಾಗಬೇಕೋ ಅದಾಯಿತು. ಹೆಲ್ಗಾ ಪುಸ್ತಕ ಮಡಚಿದರು. ಮಿರೋ ಒಂದು ಹೆಜ್ಜೆ ಹಿಂದೆ ಇಟ್ಟ. ನಾನು ಏಣಿಯಿಂದ ಅರ್ಧ ಇಳಿದು, ಇದು ಅರಬಿ, ನಾವು ಕತಾರಿನಲ್ಲಿರುವವರು, ಒಳಗಿರುವುದು ಪಾಸ್‌ಪೋರ್ಟೇ, ಕೊಡಲು ಮನಸ್ಸಿಲ್ಲ ಅಷ್ಟೇ ಎಂದು ಬಿಡಿಸಿ ಹೇಳಬೇಕಾಯಿತು. ಮಿರೋಗೆ ನಗು ಬಂತು. ಹೆಲ್ಗಾ ಅವರಿಗೆ ಬರಲಿಲ್ಲ. ಭಾವನದ್ದೊಂದು ಇಲ್ಲದಿದ್ದರೆ ಪೊಲೀಸರು ಬಾಗಿಲು ತಟ್ಟಿ ಇಡೀ ಕೋಣೆಯನ್ನು ಎಬ್ಬಿಸುತ್ತಾರಾ ಎಂದು ಕೇಳಿದರು. ಹೌದು ಎಂದ ಮಿರೋ. ಹಾಗಾದರೆ ತಾನು ಬೇರೆ ಕೋಣೆ ಕೇಳುತ್ತೇನೆ ಎಂದರು. ಬೇರೆ ಕೋಣೆ ಇಲ್ಲ ಎಂದ ಮಿರೋ. ಇಬ್ಬರೂ ಭಾವನ ಕಡೆ ನೋಡಿದರು.

ಆಗ ನಾನು ಬಾಯಿ ಹಾಕಿದೆ. ನನ್ನ ಬಾಯಿಗೆ ಯಾವತ್ತೂ ರಜೆ ಇಲ್ಲ. "ಕೊಡಿ ಭಾವ. ನಮ್ಮ ಒಳ್ಳೇದಕ್ಕೇ ಅಲ್ವಾ ಕೇಳುದು? ಅವನ ಹತ್ತಿರ ಭದ್ರವಾಗಿರ್ತದೆ. ಬೆಳಿಗ್ಗೆ ಕೊಡ್ತಾನೆ, ತಿಂತಾನಾ ಅದನ್ನು?"

"ಮಂದೂಬನೂ ಇದನ್ನೇ ಹೇಳಿದ್ದು," ಎಂದರು ಭಾವ.

ಅಕ್ಕ ಮಾತ್ರ ತಲೆ ಎತ್ತದೆ, ತಣ್ಣಗೆ ಹೇಳಿದಳು. "ನೋಡಿ, ನಾನು ಆಸೆಪಟ್ಟು ಬಂದದ್ದು. ಇವತ್ತು ಒಂದು ರಾತ್ರಿ."

ಭಾವ ಮೂರು ಗುಂಡಿ ಬಿಚ್ಚಿದರು. ಪಾಸ್‌ಪೋರ್ಟು ಮಿರೋನ ಕೈಗೆ ಹೋಯಿತು, ಅವನು ಅದನ್ನು ಚರ್ಮದ ಚೀಲಕ್ಕೆ ಹಾಕಿ, ಗುಡ್ ನೈಟ್ ಹೇಳಿ ಹೋದ. ಒಂಬತ್ತಕ್ಕೆ ಹೆಲ್ಗಾ ದೀಪ ಆರಿಸಿದರು. ಭಾವ ಏಣಿ ಇಳಿದು, ಚಪ್ಪಲಿ ಹುಡುಕಿ, ಹೊರಗೆ ಹೋದರು. ಬಾತ್‌ರೂಮಿಗೆ ಎಂದುಕೊಂಡೆ.

ಬೆಟ್ಟದ ಕೆಳಗೆಲ್ಲೋ

ರಾತ್ರಿ ರೈಲಿನಲ್ಲಿ ಹಾಸಿಗೆ ಎಂದು ಕೊಡುವುದು ಒಂದು ಬಟ್ಟೆಯ ಚೀಲ. ಅದರೊಳಗೆ ಕಾಲಿನಿಂದ ತೂರಿಕೊಳ್ಳಬೇಕು. ತೂರಿದ ಮೇಲೆ ಮಗ್ಗುಲು ಬದಲಿಸುವ ಸ್ವಾತಂತ್ರ್ಯವನ್ನು ಮರೆತುಬಿಡಬೇಕು. ಚಳಿಗೆ ಎಚ್ಚರವಾಗಿ, ಎದುರಿನ ಬರ್ತು ನೋಡಿದರೆ ಹಾಸಿಗೆ ಮಡಚಿದ ಹಾಗೆಯೇ ಇತ್ತು. ರೈಲು ಎಲ್ಲೋ ನಿಂತಿತ್ತು. ಪಾಲಾಗುವ ಹೊತ್ತು ಬಂತು, ಭಾವ ತಪ್ಪು ಬೋಗಿಯಲ್ಲಿದ್ದರೆ ವಿಯೆನ್ನಾ ಎಂದು ನೆನಪಾಗಿ ನಾನು ಚೀಲದಿಂದ ಬಿಡಿಸಿಕೊಂಡು ಇಳಿದೆ.

ಅವರು ದೂರ ಹೋಗಿರಲಿಲ್ಲ. ಓಣಿಯ ಕೊನೆಯಲ್ಲಿ ಮಿರೋನ ಪುಟ್ಟ ಕೋಣೆ. ಅದರ ಬಾಗಿಲಿನ ಎದುರು, ಗೋಡೆಯಿಂದ ಬಿಡಿಸಿಕೊಳ್ಳುವ ಸಣ್ಣ ಸೀಟಿನ ಮೇಲೆ ಭಾವ ಕೂತಿದ್ದರು. ಬಾಗಿಲು ತೆರೆದಿತ್ತು. ಒಳಗೆ ಕೊಕ್ಕೆಗೆ ಚರ್ಮದ ಚೀಲ ನೇತಾಡುತ್ತಿತ್ತು, ಅದರ ಕೆಳಗೆ ಮಿರೋ ಕೂತಲ್ಲೇ ತೂಕಡಿಸುತ್ತಿದ್ದ. ಭಾವ ಕಾಣುವ ಹಾಗೆ ಬಾಗಿಲು ತೆರೆದಿಟ್ಟದ್ದು ಅವನೇ ಅಂತೆ. ಚಾ ಕೂಡ ಮಾಡಿಕೊಟ್ಟಿದ್ದ, ಖಾಲಿ ಲೋಟ ಭಾವನ ಕಾಲ ಬಳಿ ಇತ್ತು.

ಮಲಗಿ ಭಾವ ಎಂದೆ. ಅವರು ನನಗೇ ಮಲಗಲು ಹೇಳಿದರು. ನಾನು ಮತ್ತೆ ನನ್ನ ಹಳೆಯ ರಾಗ ತೆಗೆದೆ. ಚೀಲ ಅಲ್ಲೇ ಉಂಟಲ್ಲ, ಭದ್ರವಾಗಿ ಉಂಟಲ್ಲ.

"ಭದ್ರವಾಗಿ ಇರುದೇ ತೊಂದರೆ, ಮಾರಾಯ್ತಿ," ಎಂದರು. "ನನ್ನದು ಹನ್ನೊಂದು ದಿನ ಭಾರೀ ಭದ್ರವಾಗಿತ್ತು. ಯಾರೂ ಕದ್ದಿರ್ಲಿಲ್ಲ, ಕಳೆದಿರ್ಲಿಲ್ಲ, ಒಂದು ಪುಟ ಮಡಚಿರ್ಲಿಲ್ಲ. ಕೈಯಲ್ಲಿ ಮಾತ್ರ ಇರ್ಲಿಲ್ಲ."

ಎಷ್ಟು ಸಲ ಕೇಳಿದ ಕಥೆ. ಆದರೆ ಹೀಗೆ ಹೇಳಿದ್ದು ಕೇಳಿರಲಿಲ್ಲ. ಊರಿನಲ್ಲಿ, ದೋಹಾದಲ್ಲಿ, ಅವರು ಇದನ್ನು ಹೇಳುವಾಗ ಮಂದೂಬನ ಹೊಟ್ಟೆಯನ್ನೂ ಅವನು ಕೀಲಿ ತಿರುಗಿಸುವ ಠೀವಿಯನ್ನೂ ಅಭಿನಯಿಸಿ ನಮ್ಮನ್ನು ನಗಿಸುತ್ತಿದ್ದರು. ನಾನು ಅವರ ಪಕ್ಕದ ಸೀಟು ಬಿಡಿಸಿ ಕೂತೆ. ರೈಲು ಒಂದು ಸಲ ಹಿಂದಕ್ಕೆ ಎಳೆದು, ಕೊಂಡಿ ಕಳಚಿದ ಸದ್ದಾಯಿತು. ವಿಯೆನ್ನಾದವರು ಹೋದರು.

ಸ್ವಲ್ಪ ಹೊತ್ತಿನ ಮೇಲೆ ಭಾವ ನನ್ನ ಕಡೆ ತಿರುಗದೆ ಕೇಳಿದರು. "ಪದ್ಮನ ಪಾಸ್‌ಪೋರ್ಟು ಎಲ್ಲಿ ಉಂಟು?"

ಪದ್ಮ ನಮ್ಮ ಮನೆಯಲ್ಲಿ ಕೆಲಸಕ್ಕಿರುವವಳು. ಕಡಪದ ಕಡೆಯವಳು, ಅಬು ಹಮೂರಿನ ನಮ್ಮ ಮನೆಗೆ ಬಂದು ಆರು ವರ್ಷ. ನನ್ನ ಅಡುಗೆಮನೆಯಲ್ಲಿ ಯಾವ ಡಬ್ಬಿಯಲ್ಲಿ ಏನಿದೆ ಎಂದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತು.

"ನನ್ನ ಕಪಾಟಿನಲ್ಲಿ," ಎಂದೆ. "ಅವಳೇ ಕೊಟ್ಟದ್ದು."

"ಅವಳಾಗಿ ಕೊಟ್ಟದ್ದಾ, ನೀನು ಕೇಳಿದ್ದಾ?"

ಬಂದ ಮೊದಲ ವಾರ, ನಾನೇ ಕೈ ಚಾಚಿ, "ನನ್ನ ಹತ್ತಿರ ಭದ್ರವಾಗಿರ್ತದೆ, ನಿನಗೆ ಬೇಕಾದಾಗ ಕೇಳು" ಎಂದದ್ದು ನೆನಪಿತ್ತು. ಸಿಹಿಯಾಗಿಯೇ ಹೇಳಿದ್ದೆ. ಒಡವೆಯ ಪೆಟ್ಟಿಗೆಯ ಅಡಿಯಲ್ಲಿ ಇಟ್ಟು ಕೀಲಿ ಹಾಕಿದ್ದೆ. ಆರು ವರ್ಷದಲ್ಲಿ ಅವಳು ಎರಡು ಸಲ ಊರಿಗೆ ಹೋದಳು, ಎರಡು ಸಲವೂ ರಜೆಯ ದಿನ ನಾವು ಗೊತ್ತು ಮಾಡಿದ್ದು. ಅದನ್ನು ನಾನು ಉಪಕಾರದ ಲೆಕ್ಕಕ್ಕೇ ಸೇರಿಸಿಕೊಂಡಿದ್ದೆ. ಮಂದೂಬನಿಗೆ ದೊಡ್ಡ ಹೊಟ್ಟೆ ಇತ್ತು, ನನಗೆ ನಗುಮುಖ ಇತ್ತು, ವ್ಯತ್ಯಾಸ ಅಷ್ಟೇ ಎಂದು ಆ ಚಳಿಯಲ್ಲಿ ಅನಿಸಿತು.

ಗಡಿ, ಆಮೇಲೆ ಮ್ಯೂನಿಕ್

ಬೆಳಗಾಗುವಾಗ ಆಸ್ಟ್ರಿಯಾ ಮುಗಿಯುವಲ್ಲಿ ಜರ್ಮನಿಯ ಪೊಲೀಸರು ಹತ್ತಿದರು. ಇಬ್ಬರು ಚಿಕ್ಕ ಪ್ರಾಯದವರು, ಬಹಳ ಸಭ್ಯರು. ಮಿರೋ ಚೀಲದಿಂದ ಒಂದೊಂದೇ ತೆಗೆದು ತೋರಿಸಿದ. ಇಡೀ ರಾತ್ರಿ ಕಾವಲು ಕೂತ ಭಾವನದ್ದನ್ನು ತಿರುವಿ ನೋಡಿ ಹಿಂದೆ ಕೊಟ್ಟರು. ಲೋಕ ತಿಳಿದವಳದ್ದನ್ನು ಮಾತ್ರ ಹಿಡಿದುಕೊಂಡು, ಈ ಚಿತ್ರದಲ್ಲಿರುವವರನ್ನು ನೋಡಬೇಕು ಎಂದರು. ಚಿತ್ರದಲ್ಲಿ ನನ್ನ ಕೂದಲು ಕಪ್ಪು. ಹಾಗಾಗಿ ಹೆಲ್ಗಾ ಅವರ ನಿದ್ದೆ ಕೆಡಿಸಿದವಳು ಕೊನೆಗೆ ನಾನೇ ಆದೆ. ಅವರು ಕಣ್ಣಿನ ಪಟ್ಟಿ ಎತ್ತಿ ನನ್ನನ್ನು ನೋಡಿದ ಹಾಗೆ ನನ್ನ ಅತ್ತೆಯೂ ಯಾವತ್ತೂ ನೋಡಿರಲಿಲ್ಲ.

ತಿಂಡಿ ಬಂತು. ಅಕ್ಕ ಹೆಸರು ತಿಳಿಯದೆ ಗುರುತು ಹಾಕಿದ ಆರರಲ್ಲಿ ಒಂದು ಯಾವುದೋ ಪ್ರಾಣಿಯ ಲಿವರ್ ಅರೆದ ಮುದ್ದೆ. ಅದನ್ನು ತೆರೆಯದೆ, ಬಿಸಾಡಲೂ ಮನಸ್ಸು ಬಾರದೆ ಚೀಲಕ್ಕೆ ಹಾಕಿಕೊಂಡಳು. ಭಾವನ ಚೀಟಿ ಖಾಲಿ ಇದ್ದದ್ದರಿಂದ ಮಿರೋ ತನಗೆ ತೋಚಿದ ಆರು ತಂದಿದ್ದ. ಅವರ ತಟ್ಟೆಯೇ ನಮ್ಮೆಲ್ಲರದ್ದಕ್ಕಿಂತ ಚೆನ್ನಾಗಿತ್ತು.

ಪಾಸ್‌ಪೋರ್ಟನ್ನು ಬನಿಯನ್ನಿನೊಳಗೆ ಇಳಿಸಿ, ಮೂರು ಗುಂಡಿ ಹಾಕಿ, ಭಾವ ತಟ್ಟೆ ಮುಟ್ಟದೆ ಅಕ್ಕನ ಬರ್ತಿನ ಮೂಲೆಗೆ ಒರಗಿ ನಿದ್ದೆ ಹೋದರು. ಹೊರಗೆ ಹಿಮದ ಬೆಟ್ಟಗಳು ಬಂದದ್ದು ಆಗಲೇ. ವಿಡಿಯೋದಲ್ಲಿ ಇದ್ದಂಥವೇ, ಅದಕ್ಕಿಂತ ದೊಡ್ಡವು. ಅಕ್ಕ ಅವರನ್ನು ಎಬ್ಬಿಸಲಿಲ್ಲ. ಕಾಲು ಚಾಚಲು ಜಾಗವಿಲ್ಲದೆ, ಗಂಡನ ತಲೆ ಹೆಗಲ ಮೇಲೆ ಬಿದ್ದುದರಿಂದ ಅಲುಗಾಡಲೂ ಆಗದೆ, ಕಾಗದದ ಲೋಟದಲ್ಲಿ ಕಾಫಿ ಕುಡಿಯುತ್ತ ಮ್ಯೂನಿಕ್‌ವರೆಗೆ ನೋಡಿದಳು. ಹೇಗಿತ್ತು ಎಂದು ಆಮೇಲೆ ಕೇಳಿದೆ. ಇನ್ನೊಮ್ಮೆ ಹೋಗುವ ಎಂದಳು.

ಅಬು ಹಮೂರ್

ಮನೆಗೆ ಬಂದ ಮರುದಿನ ಬೆಳಿಗ್ಗೆ ಕಪಾಟು ತೆರೆದು, ಒಡವೆಯ ಪೆಟ್ಟಿಗೆ ಎತ್ತಿ, ಅಡಿಯಿಂದ ಪಾಸ್‌ಪೋರ್ಟು ತೆಗೆದುಕೊಂಡು ಅಡುಗೆಮನೆಗೆ ಹೋದೆ. ಒಂದೆರಡು ದೊಡ್ಡ ಮಾತು ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದೆ. ಪದ್ಮ ಪಾತ್ರೆ ತೊಳೆಯುತ್ತಿದ್ದಳು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ನಲ್ಲಿ ನಿಲ್ಲಿಸಿದಳು. ಕೈ ಒರಸಿಕೊಂಡಳು, ತೆಗೆದುಕೊಳ್ಳಲಿಲ್ಲ.

"ನಾನೇನು ತಪ್ಪು ಮಾಡಿದೆ ಅಕ್ಕಾ?" ಎಂದಳು.

ನನ್ನ ದೊಡ್ಡ ಮಾತುಗಳು ಅಲ್ಲೇ ಉಳಿದವು. ಕಳಿಸುವುದಕ್ಕಲ್ಲ, ನಿನ್ನದು ನಿನ್ನ ಹತ್ತಿರ ಇರಲಿ ಎಂದು ಕೊಡುತ್ತಿದ್ದೇನೆ, ಇಷ್ಟು ದಿನ ನಾನು ಇಟ್ಟುಕೊಂಡದ್ದು ಸರಿಯಲ್ಲ ಎಂದು ನನಗೆ ಬರುವ ಅರ್ಧ ತೆಲುಗಿನಲ್ಲಿ ಹೇಳಿದೆ. ಅವಳು ನಂಬಲು ಸುಮಾರು ಹೊತ್ತು ಬೇಕಾಯಿತು. ನಮ್ಮ ಯಜಮಾನರು ಬಂದು ಖಲಾಸ್ ಅಲ್ಲ, ಕೆಲಸ ಉಂಟು ಎಂದು ಹೇಳಿದ ಮೇಲೆಯೇ ಕೈ ಚಾಚಿದ್ದು. ಚಿತ್ರವಿರುವ ಪುಟ ತೆರೆದು ನೋಡಿ, ನಕ್ಕು, ಎಷ್ಟು ಸಣ್ಣ ಇದ್ದೆ ಎಂದಳು. ಎಲ್ಲಿ ಇಟ್ಟುಕೊಂಡಳು ಎಂದು ನಾನು ಕೇಳಲಿಲ್ಲ.

ಎರಡು ತಿಂಗಳಾದ ಮೇಲೆ ಪದ್ಮನ ತಂಗಿಗೆ ಹೆರಿಗೆಯಾಯಿತು. ಸುದ್ದಿ ಬಂದ ಸಂಜೆ ಅವಳೇ ಯಾರ ಹತ್ತಿರವೋ ಟಿಕೆಟ್ ಮಾಡಿಸಿಕೊಂಡು, ಮರುದಿನ ಹೋಗುತ್ತೇನೆ, ಇಪ್ಪತ್ತು ದಿನಕ್ಕೆ ಬರುತ್ತೇನೆ ಎಂದು ನನಗೆ ತಿಳಿಸಿದಳು. ಮನೆಯಲ್ಲಿ ಆ ವಾರ ನೆಂಟರು ಬರುವವರಿದ್ದರು. ನಾನು ಬಾಯಿ ತೆರೆದು, ಮುಚ್ಚಿಕೊಂಡೆ. ಮರುದಿನ ಕಾರಿನಲ್ಲಿ ಅವಳನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಹೋದೆ, ಪೆಟ್ಟಿಗೆ ತಳ್ಳಿಕೊಂಡು ಕೌಂಟರಿನವರೆಗೂ ಜೊತೆಗೆ ಬಂದೆ. ಹಿಂದಿನ ಎರಡು ಸಲವೂ ಹೀಗೆಯೇ ಬಂದಿದ್ದೆ.

ಕೌಂಟರಿನವನು ಪಾಸ್‌ಪೋರ್ಟ್ ಎಂದು ಕೈ ಚಾಚಿದ. ಅಭ್ಯಾಸಬಲದಿಂದ ನಾನು ನನ್ನ ಬ್ಯಾಗಿನ ಜಿಪ್ ಎಳೆದೆ. ಅಷ್ಟರಲ್ಲಿ ಪದ್ಮ ಕೊಟ್ಟಾಗಿತ್ತು.